ಮನೆಯಲ್ಲೇ ಬ್ರೇಕ್ ಪ್ಯಾಡ್ ಬದಲಿಸಿದ ಮೇಲೆ ತೊಂದರೆಯೇ? ಹೀಗೆ ಹುಡುಕಿ

ಹೊಸ ಪ್ಯಾಡ್ ಹಾಕಿ ಆಯಿತು, ಚಕ್ರ ಕೂರಿಸಿ ಜ್ಯಾಕ್ ಇಳಿಸಿ ಆಯಿತು. ಈಗ ಪೆಡಲ್ ಒತ್ತಿದರೆ ಸೀದಾ ನೆಲಕ್ಕೆ ತಾಗುತ್ತಿದೆ. ಇಲ್ಲವೇ ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದೆ. ಇಲ್ಲವೇ ಕೀರಲು ಶಬ್ದ ಬರುತ್ತಿದೆ. ನಿನ್ನೆ ಇಲ್ಲದ ತೊಂದರೆ ಕೆಲಸ ಮುಗಿಸಿದ ಮೇಲೆ ಬಂದಿದ್ದರೆ, ಕಾರಣ ಹೆಚ್ಚಾಗಿ ಕೈ ಆಡಿಸಿದ ಜಾಗದಲ್ಲೇ ಇರುತ್ತದೆ. ಬೂಸ್ಟರ್ (ಕಾಲಿನ ಬಲ ಹೆಚ್ಚಿಸುವ ಭಾಗ) ಹೋಗಿದೆ, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಹೋಗಿದೆ ಅಂತ ದುಬಾರಿ ಸಾಮಾನಿನ ಕಡೆ ಓಡುವ ಮೊದಲು ಬಿಚ್ಚಿ ಜೋಡಿಸಿದ್ದನ್ನೇ ಇನ್ನೊಮ್ಮೆ ನೋಡಬೇಕು.

ನಮ್ಮಲ್ಲಿ ಸ್ವಿಫ್ಟ್, ವ್ಯಾಗನ್ ಆರ್, ಐ10 ಥರದ ಬಹುತೇಕ ಸಣ್ಣ ಕಾರುಗಳಿಗೆ ಮುಂದೆ ಡಿಸ್ಕ್ (ಪ್ಯಾಡ್‌ಗಳು ಎರಡೂ ಕಡೆಯಿಂದ ಹಿಡಿಯುವ ಲೋಹದ ತಟ್ಟೆ), ಹಿಂದೆ ಡ್ರಮ್ (ಒಳಗಿನಿಂದ ಬ್ರೇಕ್ ಶೂಗಳು ಒತ್ತುವ ಲೋಹದ ಬಟ್ಟಲು). ಈ ಬರಹ ಅಂಥ ಕಾರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡದ್ದು. ಹಿಂದೆಯೂ ಡಿಸ್ಕ್ ಇರುವ ಕಾರುಗಳ ಬಗ್ಗೆ ಕೊನೆಯಲ್ಲಿ ಎರಡು ಮಾತು ಇದೆ.

ಒಂದು ನಿಯಮ ಮಾತ್ರ ಎಲ್ಲಕ್ಕಿಂತ ಮೊದಲು. ಪೆಡಲ್ ಗಟ್ಟಿಯಾಗುವ ತನಕ ಕಾರು ಗೇಟು ದಾಟಬಾರದು. "ನಿಧಾನಕ್ಕೆ ಗ್ಯಾರೇಜ್ ತನಕ ಹೋಗಿಬಿಡೋಣ" ಅನ್ನುವುದು ಬೇಡ. ಮೆಕ್ಯಾನಿಕ್ ಮನೆಗೇ ಬರಲಿ, ಇಲ್ಲವೇ ಗಾಡಿಯನ್ನು ಟೋ ಮಾಡಿಸಿ. ಹಾಗೆಯೇ ಪರೀಕ್ಷೆಗೆ ಚಕ್ರ ಎತ್ತಿದಾಗ ಜ್ಯಾಕ್ ಒಂದನ್ನೇ ನಂಬಬೇಡಿ. ಸಮತಟ್ಟಾದ ನೆಲ, ಬೇರೆ ಚಕ್ರಗಳಿಗೆ ಅಡ್ಡ ಕಲ್ಲು, ಚಾಸಿಸ್ ಕೆಳಗೆ ಸ್ಟ್ಯಾಂಡ್, ಇಷ್ಟೂ ಇರಲಿ.

ಪೆಡಲ್ ಏನು ಹೇಳುತ್ತಿದೆ

ಮೊದಲು ಎಂಜಿನ್ ಬಂದ್ ಇರಲಿ. ಸೀಟಿನಲ್ಲಿ ಕೂತು ಪೆಡಲನ್ನು ನಿಧಾನವಾಗಿ ಒತ್ತಿ. ಕಾಲಿಗೆ ಏನು ಗೊತ್ತಾಗುತ್ತದೆ ಅನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ. ಇಲ್ಲಿ ಐದು ನಿಮಿಷ ಜಾಸ್ತಿ ಕಳೆದರೆ ಆಮೇಲೆ ಅರ್ಧ ದಿನ ಉಳಿಯುತ್ತದೆ.

ಮೊದಲ ಸಲ ಪೆಡಲ್ ನೆಲಕ್ಕೆ ಹೋಗಿ, ನಾಲ್ಕೈದು ಸಲ ಪಂಪ್ ಮಾಡಿದ ಮೇಲೆ ಗಟ್ಟಿಯಾಗಿ ಹಾಗೇ ನಿಂತುಬಿಟ್ಟರೆ ಗಾಬರಿ ಬೇಡ. ಹೊಸ ದಪ್ಪ ಪ್ಯಾಡ್ ಕೂರಿಸಲು ಕ್ಯಾಲಿಪರಿನ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಪಿಸ್ಟನ್ ಅನ್ನು ಒಳಗೆ ತಳ್ಳಿದ್ದಿರಿ, ಅಲ್ವಾ? ಅದು ಮತ್ತೆ ಹೊರಬಂದು ಪ್ಯಾಡ್‌ಗೆ ತಾಗಲು ಅಷ್ಟು ಪಂಪ್ ಬೇಕೇ ಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ ನೋಡಿ. ಮೊದಲ ಒತ್ತಿಗೇ ಗಟ್ಟಿ ಸಿಕ್ಕಿದರೆ ಇದು ದೋಷವೇ ಅಲ್ಲ. ಇದನ್ನು ಕಾರು ಹೊರಡುವ ಮೊದಲೇ ಮಾಡಬೇಕು, ಅಷ್ಟೆ. ರಸ್ತೆಗೆ ಇಳಿದ ಮೇಲೆ ಮೊದಲ ತಿರುವಿನಲ್ಲಿ ಗೊತ್ತಾಗುವ ವಿಷಯ ಇದಲ್ಲ.

ಪಂಪ್ ಮಾಡುವಾಗ ಒಂದು ಎಚ್ಚರ. ಹಳೆಯ ಕಾರಾಗಿದ್ದರೆ ಪೆಡಲನ್ನು ಪೂರ್ತಿ ನೆಲಕ್ಕೆ ಬಡಿಯಬೇಡಿ. ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲುಗಳು ವರ್ಷಗಟ್ಟಲೆ ಮೇಲಿನ ಅರ್ಧದಲ್ಲೇ ಓಡಾಡಿರುತ್ತವೆ. ಕೆಳಗಿನ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಸೀಲು ಅಲ್ಲಿಗೆ ಹೋಗಿ ಉಜ್ಜಿದರೆ ಹರಿಯುವ ಸಾಧ್ಯತೆ ಇದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡರೆ ಈ ಅಪಾಯ ಇಲ್ಲ.

ಪಂಪ್ ಮಾಡಿದಾಗ ಮೇಲೆ ಬರುತ್ತದೆ, ಆದರೆ ಸ್ಪಂಜು ಒತ್ತಿದ ಹಾಗೆ ಮೆತ್ತಗಿದೆ. ಇದು ಲೈನಿನಲ್ಲಿ ಏರ್ ಇರುವ ಲಕ್ಷಣ. ಬರೀ ಪ್ಯಾಡ್ ಬದಲಿಸಿದ್ದರೆ, ಹೋಸ್ (ಆಯಿಲ್ ತರುವ ರಬ್ಬರ್ ಪೈಪ್) ಬಿಚ್ಚದೇ ಇದ್ದರೆ, ಏರ್ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಹಾಗಾಗಿ ಸುಮ್ನೆ ಬ್ಲೀಡಿಂಗ್ (ಆಯಿಲ್ ಹರಿಸಿ ಏರ್ ಹೊರತೆಗೆಯುವುದು) ಶುರು ಮಾಡುವ ಮೊದಲು ನೆನಪಿಸಿಕೊಳ್ಳಿ: ಹೋಸ್ ಬಿಚ್ಚಿದ್ದಿರಾ? ಬ್ಲೀಡ್ ನಿಪ್ಪಲ್ (ಏರ್ ಹೊರಬಿಡಲು ಇರುವ ಸಣ್ಣ ತಿರುಪು) ತೆರೆದಿದ್ದಿರಾ? ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಖಾಲಿಯಾಗಿತ್ತಾ? ಮೂರೂ ಇಲ್ಲ ಅಂದರೆ ಪ್ಯಾಡ್ ಓರೆಯಾಗಿ ಕೂತಿದೆಯೇ ನೋಡಿ. ಹಳೆಯ ಡಿಸ್ಕ್ ಸವೆದಾಗ ಅದರ ಹೊರ ಅಂಚಿನಲ್ಲಿ ತುಕ್ಕಿನ ದಿಂಡು ಉಳಿದಿರುತ್ತದೆ. ಹೊಸ ಪ್ಯಾಡಿನ ಮೇಲ್ತುದಿ ಅದರ ಮೇಲೆ ಹತ್ತಿ ಕೂತರೆ, ಒತ್ತಿದಾಗ ಪ್ಯಾಡ್ ಬಾಗುತ್ತದೆ. ಆ ಬಾಗುವಿಕೆಯೇ ಕಾಲಿಗೆ ಮೆತ್ತಗೆ ಅನ್ನಿಸುತ್ತದೆ. ಎಷ್ಟು ಬ್ಲೀಡ್ ಮಾಡಿದರೂ ಅದು ಹೋಗುವುದಿಲ್ಲ.

ಮೊದಲ ಒತ್ತು ತೀರಾ ಕೆಳಗೆ, ಆದರೆ ಸಿಕ್ಕಿದ ಜಾಗದಲ್ಲಿ ಗಟ್ಟಿ. ತಕ್ಷಣ ಎರಡನೇ ಸಲ ಒತ್ತಿದರೆ ಮೇಲೆಯೇ ಗಟ್ಟಿ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಕೆಳಗೆ. ಇದು ಹಿಂದಿನ ಡ್ರಮ್ಮಿನ ಕಥೆ. ಶೂ ಮತ್ತು ಡ್ರಮ್ ನಡುವೆ ಅಂತರ ಜಾಸ್ತಿ ಆಗಿದೆ. ಖಚಿತ ಮಾಡಿಕೊಳ್ಳಲು ಸುಲಭದ ಪರೀಕ್ಷೆ ಇದೆ: ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಆಮೇಲೆ ಪೆಡಲ್ ಒತ್ತಿ. ಹ್ಯಾಂಡ್ ಬ್ರೇಕಿನ ಕೇಬಲ್ ಶೂಗಳನ್ನು ಮೊದಲೇ ಡ್ರಮ್ಮಿಗೆ ತಾಗಿಸಿರುತ್ತದೆ. ಈಗ ಮೊದಲ ಒತ್ತಿಗೇ ಪೆಡಲ್ ಮೇಲೆ ಸಿಕ್ಕಿದರೆ ಮುಂದಿನ ಚಕ್ರಗಳನ್ನು ಬಿಚ್ಚುವ ಅಗತ್ಯ ಇಲ್ಲ. ಹಿಂದೆ ಹೋಗಿ ಅಡ್ಜಸ್ಟರ್ (ಆ ಅಂತರ ಸರಿಮಾಡುವ ಭಾಗ) ನೋಡಿ. ಶೂ ಬದಲಿಸಿದವರು ಎಡ ಬಲದ ಅಡ್ಜಸ್ಟರ್ ಅದಲು ಬದಲು ಮಾಡಿರಬಹುದು, ಸ್ಪ್ರಿಂಗ್ ತಪ್ಪು ತೂತಿಗೆ ಸಿಕ್ಕಿಸಿರಬಹುದು. ಹ್ಯಾಂಡ್ ಬ್ರೇಕ್ ಕೇಬಲ್ ಮೊದಲೇ ಬಿಗಿ ಮಾಡಿಟ್ಟಿದ್ದರೂ ತಾನಾಗಿ ಸರಿಹೊಂದುವ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ. ಕೇಬಲ್ ಸಡಿಲಿಸಿ, ಶೂ ಅಂತರ ಸರಿ ಮಾಡಿ, ಕೊನೆಗೆ ಕೇಬಲ್ ಬಿಗಿ ಮಾಡಿ. ಕ್ರಮ ಇದೇ.

ಪೆಡಲ್ ಗಟ್ಟಿ ಇದೆ, ಆದರೆ ಒತ್ತಿ ಹಿಡಿದರೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಅಂದರೆ ಒತ್ತಡ ಎಲ್ಲೋ ಸೋರುತ್ತಿದೆ. ನಾಲ್ಕೂ ಚಕ್ರಗಳ ಒಳಬದಿ ಟಾರ್ಚ್ ಹಾಕಿ ನೋಡಿ. ಹೋಸ್ ಕ್ಯಾಲಿಪರ್‌ಗೆ ಸೇರುವ ಬೋಲ್ಟಿನ ಎರಡೂ ಬದಿಯಲ್ಲಿ ತಾಮ್ರದ ವಾಷರ್ ಇರುತ್ತದೆ. ಹಳೆಯದನ್ನೇ ಮತ್ತೆ ಹಾಕಿದ್ದರೆ ಅಲ್ಲಿಂದ ಜಿನುಗುವುದು ಸಾಮಾನ್ಯ. ಹೊರಗೆ ಎಲ್ಲೂ ಒದ್ದೆ ಇಲ್ಲ, ಡಬ್ಬಿಯ ಮಟ್ಟವೂ ಇಳಿದಿಲ್ಲ, ಆದರೂ ಪೆಡಲ್ ಇಳಿಯುತ್ತಿದೆ ಅಂದರೆ ಮಾತ್ರ ಮಾಸ್ಟರ್ ಸಿಲಿಂಡರ್ ಸೀಲನ್ನು ಅನುಮಾನಿಸಿ.

ಇನ್ನೊಂದು ಬಗೆ: ಪೆಡಲ್ ಕಲ್ಲಿನ ಹಾಗಿದೆ, ಕಾರು ಮಾತ್ರ ನಿಲ್ಲುತ್ತಿಲ್ಲ. ಎಂಜಿನ್ ಬಂದ್ ಮಾಡಿ ನಾಲ್ಕೈದು ಸಲ ಒತ್ತಿ, ಹಾಗೇ ಹಿಡಿದುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು. ಜಾರಿದರೆ ಬೂಸ್ಟರ್ ಸರಿ ಇದೆ. ಜಾರದಿದ್ದರೆ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಪೈಪ್ ಕೆಲಸದ ನಡುವೆ ಕಳಚಿದೆಯೇ ನೋಡಿ. ಬೂಸ್ಟರ್ ಸರಿ ಇದ್ದೂ ಬ್ರೇಕ್ ಕಮ್ಮಿ ಅಂದರೆ ಪ್ಯಾಡಿನ ಮೇಲೆ ಗ್ರೀಸೋ ಆಯಿಲೋ ತಾಗಿರಬೇಕು. ಅಥವಾ ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಹಚ್ಚಿರುವ ಎಣ್ಣೆಯನ್ನು ಒರೆಸದೇ ಹಾಕಿರಬೇಕು. ಅದನ್ನು ಬ್ರೇಕ್ ಕ್ಲೀನರ್‌ನಲ್ಲೇ ಒರೆಸಬೇಕು. ಡೀಸೆಲ್, ಸೀಮೆಎಣ್ಣೆ ಹಚ್ಚಿದರೆ ಜಿಡ್ಡು ಉಳಿಯುತ್ತದೆ. ಆಯಿಲ್ ಕುಡಿದ ಪ್ಯಾಡನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ ಉಳಿಸಿಕೊಳ್ಳಲು ಹೋಗಬೇಡಿ. ಎರಡೂ ಚಕ್ರಕ್ಕೆ ಹೊಸ ಜೊತೆ ಹಾಕಿ.

ಏರ್ ತೆಗೆಯುವಾಗ

ಏರ್ ಇದೆ ಅಂತ ಖಚಿತವಾದರೆ ಇಬ್ಬರು ಬೇಕು. ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಳಗೆ ಕೂತವರಿಗೆ ಮಾತು ಸ್ಪಷ್ಟ ಇರಬೇಕು. "ಒತ್ತು" ಅಂದಾಗ ಒತ್ತಬೇಕು. "ಹಿಡ್ಕೋ" ಅಂದಾಗ ಹಿಡಿಯಬೇಕು. ನೀವು ನಿಪ್ಪಲ್ ಕಾಲು ಸುತ್ತು ತೆರೆಯುತ್ತೀರಿ, ಪೆಡಲ್ ಇಳಿಯುತ್ತದೆ, ಟ್ಯೂಬಿನಲ್ಲಿ ಗುಳ್ಳೆ ಓಡುತ್ತದೆ. ನಿಪ್ಪಲ್ ಮುಚ್ಚಿದ ಮೇಲೆಯೇ "ಬಿಡು". ಮುಚ್ಚುವ ಮೊದಲು ಕಾಲು ಎತ್ತಿದರೆ ಹೊರಬಂದ ಏರ್ ವಾಪಸ್ ಒಳಗೆ. ಬಹಳ ಮನೆಗಳಲ್ಲಿ ಬ್ಲೀಡಿಂಗ್ ಮುಗಿಯದೇ ಇರುವುದಕ್ಕೆ ಈ ಒಂದು ಕ್ಷಣದ ಅವಸರ ಸಾಕು.

ಯಾವ ಚಕ್ರದಿಂದ ಶುರು ಮಾಡಬೇಕು? ಕಾರಿನ ಮ್ಯಾನುಯಲ್ ಹೇಳಿದ ಕ್ರಮವೇ ಅಂತಿಮ. ಕೆಲವು ಕಾರುಗಳಿಗೆ ಮೂಲೆಯಿಂದ ಮೂಲೆಗೆ ಹೋಗುವ ಕ್ರಮ ಇರುತ್ತದೆ. ಮ್ಯಾನುಯಲ್ ಇಲ್ಲದಿದ್ದರೆ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು. ನಮ್ಮ ಕಾರುಗಳಲ್ಲಿ ಸ್ಟಿಯರಿಂಗ್ ಬಲಗಡೆ, ಹಾಗಾಗಿ ಮಾಸ್ಟರ್ ಸಿಲಿಂಡರ್ ಕೂಡ ಸಾಮಾನ್ಯವಾಗಿ ಬಲಗಡೆ. ಅತಿ ದೂರದ್ದು ಹಿಂದಿನ ಎಡ ಚಕ್ರ. ಅಮೆರಿಕದ ವಿಡಿಯೋ ನೋಡಿ ಮಾಡುವವರು ಹಿಂದಿನ ಬಲ ಚಕ್ರದಿಂದ ಶುರು ಮಾಡುತ್ತಾರೆ. ಅವರ ಕಾರಿನಲ್ಲಿ ಸ್ಟಿಯರಿಂಗ್ ಎಡಕ್ಕಿದೆ, ಅವರ ಲೆಕ್ಕ ಅವರಿಗೆ ಸರಿ.

ಕ್ಯಾಲಿಪರನ್ನೇ ಬದಲಿಸಿದವರು ಇದನ್ನು ತಪ್ಪದೇ ನೋಡಿ: ಬ್ಲೀಡ್ ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿ ಇರಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೂ ಎಷ್ಟೋ ಕಾರುಗಳಲ್ಲಿ ಬೋಲ್ಟ್ ಸರಿಯಾಗಿ ಕೂತುಬಿಡುತ್ತದೆ. ಆಗ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆ ನಿಲ್ಲುತ್ತದೆ, ಕೆಳಗಿನಿಂದ ಎಷ್ಟು ಡಬ್ಬಿ ಹರಿಸಿದರೂ ಹೊರಗೆ ಬರುವುದಿಲ್ಲ. ಒಂದು ದಿನವಿಡೀ ಬ್ಲೀಡ್ ಮಾಡಿಯೂ ಪೆಡಲ್ ಮೆತ್ತಗೇ ಇದೆ ಅಂದರೆ ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದೇ.

ಅಂಗಡಿಯಲ್ಲಿ ಬ್ರೇಕ್ ಆಯಿಲ್ ಕೇಳುವಾಗ ಡಬ್ಬಿಯ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಇರಲಿ, ಕಾರಿನ ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದೇ ಇರಲಿ. ಡಾಟ್ 5 ಸಿಲಿಕೋನ್ ಜಾತಿಯದು, ಇವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್, ಪವರ್ ಸ್ಟಿಯರಿಂಗ್ ಆಯಿಲ್ ಒಂದು ಚಮಚ ಹೋದರೂ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಹಿಂದೆ ತೆರೆದಿಟ್ಟ ಹಳೆಯ ಡಬ್ಬಿ ಬಳಸಬೇಡಿ. ಇದು ಗಾಳಿಯಿಂದ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಘಾಟಿ ಇಳಿಯುವಾಗ ಬ್ರೇಕ್ ಕಾದು, ಆ ಆಯಿಲ್ ಕುದಿದು ಆವಿಯಾದರೆ ಪೆಡಲ್ ಒಮ್ಮೆಗೇ ನೆಲಕ್ಕೆ ಹೋಗುತ್ತದೆ. ಮನೆ ಮುಂದೆ ಚೆನ್ನಾಗಿದ್ದ ಬ್ರೇಕ್ ಅಲ್ಲಿ ಕೈಕೊಡುವುದು ಹೀಗೆ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ತಿನ್ನುತ್ತದೆ.

ಎಳೆಯುವ ಕಡೆ ಅಲ್ಲ, ಎದುರು ಕಡೆ ನೋಡಿ

ಬ್ರೇಕ್ ಹಾಕಿದಾಗ ಕಾರು ಎಡಕ್ಕೆ ಎಳೆಯಿತು ಅಂದರೆ ಎಡ ಚಕ್ರದ ಬ್ರೇಕ್ ಹಿಡಿಯುತ್ತಿದೆ, ಬಲದ್ದು ಸರಿಯಾಗಿ ಹಿಡಿಯುತ್ತಿಲ್ಲ. ತಪ್ಪು ಹೆಚ್ಚಾಗಿ ಬಲಗಡೆಯಲ್ಲೇ ಇರುತ್ತದೆ. ಉಡುಪಿಯಲ್ಲಿ ಪರಿಚಯದವರೊಬ್ಬರ ಕಾರು ಪ್ಯಾಡ್ ಹಾಕಿದ ಮೇಲೆ ಎಡಕ್ಕೆ ಎಳೆಯುತ್ತಿತ್ತು. ಎಡದ ಕ್ಯಾಲಿಪರ್ ಬಿಚ್ಚಿ ಜೋಡಿಸಿ ಸಾಕಾಗಿದ್ದರು. ಬಲಗಡೆ ಚಕ್ರ ತೆಗೆದು ನೋಡಿದರೆ ಕೆಳಗಿನ ಸ್ಲೈಡ್ ಪಿನ್ (ಕ್ಯಾಲಿಪರ್ ಅತ್ತಿತ್ತ ಸರಿಯುವ ಕಡ್ಡಿ) ಬೆರಳಿಗೆ ಅಲುಗಾಡಲೇ ಇಲ್ಲ. ರಬ್ಬರ್ ಬೂಟ್ ತುದಿಯಲ್ಲಿ ಹರಿದಿತ್ತು. ಸ್ಪ್ಯಾನರ್ ಹಾಕಿ ತಿರುಗಿಸಿ ಹೊರತೆಗೆದಾಗ ಪಿನ್ ಮೇಲೆ ಗ್ರೀಸ್ ಇರಬೇಕಾದ ಕಡೆ ಕಂದು ಪುಡಿ. ಕರಾವಳಿಯ ಉಪ್ಪು ಗಾಳಿಗೆ, ಮಳೆಗಾಲದ ನೀರಿಗೆ ಅದು ಒಳಗೇ ತುಕ್ಕು ಹಿಡಿದಿತ್ತು. ಕ್ಯಾಲಿಪರ್ ಪಿನ್ ಮೇಲೆ ಸರಿಯದಿದ್ದರೆ ಒಳಗಿನ ಪ್ಯಾಡ್ ಮಾತ್ರ ಡಿಸ್ಕ್ ಒತ್ತುತ್ತದೆ, ಹೊರಗಿನದು ಸುಮ್ಮನೆ ಕೂತಿರುತ್ತದೆ. ಪಿನ್, ಬೂಟ್ ಹೊಸದು ಹಾಕಿ ಸಿಲಿಕೋನ್ ಗ್ರೀಸ್ ತುಂಬಿದ ಮೇಲೆ ಕಾರು ನೇರ ನಿಂತಿತು.

ಗ್ರೀಸ್ ಬಗ್ಗೆ ಒತ್ತಿ ಹೇಳಬೇಕು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಇಲ್ಲಿ ಬೇಡ, ಅದು ರಬ್ಬರ್ ಉಬ್ಬಿಸಿ ಪಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬ್ರೇಕಿಗೆಂದೇ ಬರುವ ಗ್ರೀಸ್ ಹಾಕಿ. ಒಂದೇ ಕ್ಯಾಲಿಪರಿನ ಮೇಲಿನ ಪಿನ್, ಕೆಳಗಿನ ಪಿನ್ ಕೆಲವು ಕಾರುಗಳಲ್ಲಿ ಬೇರೆ ಬೇರೆ. ತೆಗೆದ ಜಾಗಕ್ಕೇ ವಾಪಸ್ ಹೋಗಬೇಕು.

ಪಿನ್ ಸರಿ ಇದ್ದರೆ ಎಳೆತಕ್ಕೆ ಉಳಿದ ಕಾರಣಗಳು: ಒಂದು ಬದಿಯ ಪ್ಯಾಡಿಗೆ ಜಿಡ್ಡು, ಒಂದು ಕ್ಯಾಲಿಪರಿನಲ್ಲಿ ಏರ್, ಅಥವಾ ಎರಡು ಬದಿಗೆ ಬೇರೆ ಬೇರೆ ಕಂಪನಿಯ ಪ್ಯಾಡ್.

ಬ್ರೇಕ್ ಹಿಡಿದುಕೊಂಡಿದೆ

ಸ್ವಲ್ಪ ದೂರ ಓಡಿಸಿ ಬಂದಾಗ ಒಂದು ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ, ಕಾರು ನ್ಯೂಟ್ರಲ್‌ನಲ್ಲಿ ಮೊದಲಿನ ಹಾಗೆ ಉರುಳುವುದಿಲ್ಲ. ಡಿಸ್ಕನ್ನು ಕೈಯಿಂದ ಮುಟ್ಟಬೇಡಿ. ಚಕ್ರದ ಹತ್ತಿರ ಕೈ ತಂದರೆ ಸಾಕು, ಝಳ ಗೊತ್ತಾಗುತ್ತದೆ. ಎಡ ಬಲ ಹೋಲಿಸಿ.

ಆ ಚಕ್ರ ಎತ್ತಿ, ಯಾರಾದರೂ ಪೆಡಲ್ ಒತ್ತಿ ಬಿಡಲಿ, ಕೈಯಿಂದ ತಿರುಗಿಸಿ. ಡಿಸ್ಕ್ ಬ್ರೇಕಿನಲ್ಲಿ ತುಸು ಸವರುವ ಶಬ್ದ ಇದ್ದೇ ಇರುತ್ತದೆ. ಬಲ ಹಾಕಿದರೂ ತಿರುಗದಿದ್ದರೆ ಬ್ಲೀಡ್ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಡುಗಡೆ ಆಯಿತು ಅಂದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು. ಆಗ ಹೋಸ್ ನೋಡಿ. ಪ್ಯಾಡ್ ಬದಲಿಸುವಾಗ ಕ್ಯಾಲಿಪರನ್ನು ಹೋಸಿನ ಮೇಲೇ ಜೋತು ಬಿಟ್ಟಿದ್ದರೆ, ಹಳೆಯ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಕಿತ್ತು ಬಾಗಿಲಿನ ಹಾಗೆ ಅಡ್ಡ ನಿಲ್ಲುತ್ತದೆ. ಕಾಲಿನ ಒತ್ತಡ ಅದನ್ನು ದಾಟಿ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹೋಸ್ ತಿರುಚಿ ಕೂತಿದೆಯೇ ಎಂದೂ ನೋಡಿ.

ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಗಿಯೇ ಇದ್ದರೆ ತೊಂದರೆ ಲೋಹದಲ್ಲಿ: ತುಕ್ಕು ಹಿಡಿದ ಪಿಸ್ಟನ್, ಸಿಕ್ಕಿಕೊಂಡ ಪಿನ್, ಅಥವಾ ಬ್ರಾಕೆಟ್‌ನಲ್ಲಿ ಬಿಗಿಯಾದ ಪ್ಯಾಡ್. ಈ ಕೊನೆಯದು ಹೊಸ ಪ್ಯಾಡಿನಲ್ಲಿ ಬಹಳ ಸಲ ಕಾಣುತ್ತದೆ. ಸ್ಟೀಲ್ ಕ್ಲಿಪ್ ಕೆಳಗೆ ತುಕ್ಕು ಗಟ್ಟಿಯಾಗಿ ಕ್ಲಿಪ್ಪನ್ನು ಮೇಲೆತ್ತಿರುತ್ತದೆ, ಪ್ಯಾಡಿನ ಕಿವಿಗೆ ಜಾಗ ಸಾಲುವುದಿಲ್ಲ. ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದ್ದಿರಾ? ಹಾಗಾದರೆ ಇದೇ ಕಾರಣ. ಪ್ಯಾಡ್ ಕೈಯಿಂದಲೇ ಜಾರಬೇಕು. ಕ್ಲಿಪ್ ತೆಗೆದು, ಬ್ರಾಕೆಟ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ. ದೂಳನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಯಬೇಡಿ. ಹಳೆಯ ಪ್ಯಾಡಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಮಾಡಿ ಒರೆಸಿ.

ಶಬ್ದ ಮತ್ತು ನಡುಕ

ರಾತ್ರಿ ಮಳೆ ಬಂದು ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಮಾತ್ರ ಗರಗರ ಅಂದರೆ ಡಿಸ್ಕಿನ ಮೇಲಿನ ತೆಳು ತುಕ್ಕು ಅಷ್ಟೆ. ಬಿಡದೇ ಲೋಹ ಉಜ್ಜಿದ ಶಬ್ದ ಬಂದರೆ ತಕ್ಷಣ ನಿಲ್ಲಿಸಿ ಚಕ್ರ ತೆಗೆಯಿರಿ. ಪ್ಯಾಡ್ ಉಲ್ಟಾ ಹಾಕಿ ಕಬ್ಬಿಣದ ಬದಿ ಡಿಸ್ಕಿಗೆ ತಾಗುತ್ತಿರುವುದನ್ನು ಮೆಕ್ಯಾನಿಕ್‌ಗಳು ಆಗಾಗ ಕಾಣುತ್ತಾರೆ. ಬ್ರೇಕ್ ಹಾಕದೇ ಇದ್ದಾಗಲೂ ಚಕ್ರ ತಿರುಗಿದಂತೆ ಟಿಂಟಿಂ ಶಬ್ದ ಇದ್ದರೆ ಡಿಸ್ಕಿನ ಹಿಂದಿನ ತಗಡು ಬಾಗಿ ತಾಗುತ್ತಿದೆ. ಬೆರಳಿಂದ ಹಿಂದಕ್ಕೆ ಬಗ್ಗಿಸಿದರೆ ಮುಗಿಯಿತು. ಹಂಪ್ ಮೇಲೆ ಟಕಟಕ ಅಂದರೆ ಕ್ಲಿಪ್ ಬಿಟ್ಟುಹೋಗಿದೆ. ಬರೀ ಕೀರಲು ಶಬ್ದಕ್ಕೆ ಪ್ಯಾಡಿನ ಹಿಂದಿನ ಶಿಮ್ (ತೆಳು ಹಾಳೆ) ಹಾಕದೇ ಇರುವುದು, ಅಥವಾ ಪ್ಯಾಡ್ ಇನ್ನೂ ಸೆಟ್ ಆಗದಿರುವುದು ಕಾರಣ.

ಸೆಟ್ ಮಾಡುವುದು ಹೀಗೆ: ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೇ ಮತ್ತೆ ವೇಗ ಹಿಡಿಯಿರಿ. ಎಂಟು ಹತ್ತು ಸಲ ಸಾಕು. ನಡುವೆ ಬ್ರೇಕ್ ಆರಲು ಬಿಡಿ. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಆ ಜಾಗದಲ್ಲಿ ಪ್ಯಾಡಿನ ಪದರ ಅಂಟಿ ಆಮೇಲೆ ನಡುಕ ಬರುತ್ತದೆ.

ಆ ನಡುಕ ಕೆಲಸ ಮುಗಿದ ದಿನವೇ ಬಂದಿದ್ದರೆ ಹಬ್ (ಡಿಸ್ಕ್, ಚಕ್ರ ಕೂರುವ ನಡುಭಾಗ) ನೋಡಿ. ಡಿಸ್ಕ್ ಮತ್ತು ಹಬ್ ನಡುವೆ ಒಂದು ಚೂರು ತುಕ್ಕು ಉಳಿದರೂ ಡಿಸ್ಕ್ ಓರೆಯಾಗಿ ಸುತ್ತುತ್ತದೆ. ಬಹಳ ಕಾರುಗಳಿಗೆ ಈ ಓರೆಯ ಮಿತಿ 0.1 ಮಿ.ಮೀ.ಗಿಂತಲೂ ಕಮ್ಮಿ, ಕಣ್ಣಿಗೆ ಕಾಣುವುದೇ ಇಲ್ಲ. ಹಬ್ ಉಜ್ಜಿ ಹೊಳಪು ಬರಿಸಿ. ಚಕ್ರದ ನಟ್ಟುಗಳನ್ನು ಒಂದಾದ ಮೇಲೆ ಪಕ್ಕದ್ದು ಅಂತ ಬಿಗಿಯದೇ ಎದುರು ಬದುರಾಗಿ, ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿ. ಹಳೆಯ ಡಿಸ್ಕ್ ಉಳಿಸಿಕೊಂಡಿದ್ದರೆ ಕನಿಷ್ಠ ದಪ್ಪ ಎಷ್ಟು ಅಂತ ಅದರ ಮೇಲೇ ಅಚ್ಚು ಹಾಕಿರುತ್ತಾರೆ, ವರ್ನಿಯರ್ ಅಳತೆಗೋಲಿನಲ್ಲಿ ಅಳೆದು ನೋಡಿ.

ಇಲ್ಲಿಂದಾಚೆ ಗ್ಯಾರೇಜ್

ಭಾರತದಲ್ಲಿ ಏಪ್ರಿಲ್ 2019ರಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಕೆಲಸದ ನಂತರ ಎಬಿಎಸ್ ದೀಪ ಹತ್ತಿದ್ದರೆ ಚಕ್ರದ ಹತ್ತಿರದ ಸೆನ್ಸರ್ ವೈರ್ ಎಳೆದು ತುಂಡಾಗಿದೆಯೇ, ಕನೆಕ್ಟರ್ ಸಡಿಲವಿದೆಯೇ ನೋಡಿ. ಅಷ್ಟು ಮನೆಯಲ್ಲೇ ಆಗುತ್ತದೆ. ಆದರೆ ಎಬಿಎಸ್ ಘಟಕದ ಒಳಗೆ ಏರ್ ಹೋಗಿದ್ದರೆ ಪೆಡಲ್ ಪಂಪ್ ಮಾಡಿ ತೆಗೆಯುವುದು ಕಷ್ಟ. ಸ್ಕ್ಯಾನರ್ ಹಾಕಿ ಒಳಗಿನ ವಾಲ್ವ್ ತೆರೆಸಬೇಕು. ಕೆಂಪು ಬ್ರೇಕ್ ದೀಪ ಬೇರೆ. ಅದು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿಲ್ಲ ಅಥವಾ ಆಯಿಲ್ ಕಮ್ಮಿ ಇದೆ ಎನ್ನುತ್ತದೆ.

ಹಿಂದೆಯೂ ಡಿಸ್ಕ್ ಇದ್ದು, ಅದೇ ಕ್ಯಾಲಿಪರಿನಲ್ಲಿ ಹ್ಯಾಂಡ್ ಬ್ರೇಕ್ ಸೇರಿದ್ದರೆ ಪಿಸ್ಟನ್ ಅನ್ನು ಒತ್ತುವುದಲ್ಲ, ತಿರುಗಿಸುತ್ತಾ ಒಳಗೆ ಕಳಿಸಬೇಕು. ಜಿ ಕ್ಲಾಂಪ್ ಹಾಕಿ ಬಲವಂತ ಮಾಡಿದ್ದರೆ ಒಳಗಿನ ಸ್ಕ್ರೂ ಹಾಳಾಗಿರಬಹುದು, ಹ್ಯಾಂಡ್ ಬ್ರೇಕ್ ನಿಲ್ಲದಿರುವುದಕ್ಕೆ ಅದೇ ಕಾರಣ. ಬಟನ್ ಒತ್ತುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕದೇ ಕೈ ಹಾಕಬೇಡಿ. ಮೋಟಾರ್ ನಡುವೆ ಓಡಿದರೆ ಬೆರಳು ಸಿಕ್ಕಿಕೊಳ್ಳುತ್ತದೆ.

ಎಲ್ಲ ಸರಿ ಹೋಯಿತು ಅನ್ನಿಸಿದ ಮೇಲೆ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಒಮ್ಮೆ, 20ರಲ್ಲಿ ಒಮ್ಮೆ, 40ರಲ್ಲಿ ಒಮ್ಮೆ ನಿಲ್ಲಿಸಿ ನೋಡಿ. ಡಬ್ಬಿಯ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ಮಾರನೇ ದಿನ ಬೆಳಿಗ್ಗೆ ಹೋಲಿಸಿ. ಸುಮಾರು 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ, ಕ್ಯಾಲಿಪರ್ ಬೋಲ್ಟ್ ಸಡಿಲವಾಗಿದೆಯೇ, ಹೋಸ್ ಬೋಲ್ಟಿನ ಸುತ್ತ ಒದ್ದೆ ಇದೆಯೇ ಟಾರ್ಚ್ ಹಾಕಿ ನೋಡಿ.